ಗಂಡಸರು ಈ ವಿಷಯದಲ್ಲಿ ಮಾತಾಡಬಹುದಾ? (ಆದಿಕಾಂಡ 38, ಮತ್ತಾಯ 1)

 

ಹೋದ ತಿಂಗಳ ಪಾಠದಲ್ಲಿ ಗರ್ಭಪಾತದ ಬಗ್ಗೆ ಸ್ವಲ್ಪ ಹೇಳಿದ್ದೆ. ಆರಾಧನೆ ಮುಗಿದ ಮೇಲೆ ಒಬ್ಬ ಸಹೋದರಿ ಬಂದು ಕೇಳಿದರು: "ಪಾಸ್ಟರ್, ಹೊರೋದು ನಾವು, ಹೆರೋದು ನಾವು, ರಾತ್ರಿ ಎದ್ದು ಕೂರೋದೂ ನಾವೇ. ಗಂಡಸರಿಗೆ ಇದರಲ್ಲಿ ಏನು ಮಾತು?" ಕೋಪದಿಂದ ಕೇಳಲಿಲ್ಲ, ನಿಜವಾಗಿ ತಿಳ್ಕೊಳ್ಳೋಕೆ ಕೇಳಿದರು. ಬಾಗಿಲ ಹತ್ರ ನಿಂತು ಎರಡು ನಿಮಿಷದಲ್ಲಿ ಹೇಳೋ ಉತ್ತರ ಅಲ್ಲ ಅಂತ ಇವತ್ತಿಗೆ ಇಟ್ಟುಕೊಂಡೆ.

ಮೊದಲು ನಮ್ಮ ದೇಶದ ಕಾನೂನು ಏನು ಹೇಳುತ್ತೆ ನೋಡೋಣ, ಯಾಕಂದ್ರೆ ಬಹಳ ಜನ ಸಹೋದರರಿಗೆ ಇದು ಗೊತ್ತಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ವಯಸ್ಕಳಾದ ಹೆಂಗಸಿನ ಒಪ್ಪಿಗೆ ಮಾತ್ರ ಬೇಕು. ಗಂಡನ ಸಹಿ ಬೇಕಿಲ್ಲ. ಕೆಲವು ಕಡೆ ಆಸ್ಪತ್ರೆಯವರು ಕೇಳಬಹುದು, ಆದರೆ ಕಾನೂನು ಕೇಳೋದಿಲ್ಲ. ಒಬ್ಬ ಗಂಡ, ನನ್ನನ್ನು ಕೇಳದೆ ಗರ್ಭಪಾತ ಮಾಡಿಸಿದರು ಅಂತ ಹೆಂಡತಿ ಮೇಲೂ ಡಾಕ್ಟರ್ ಮೇಲೂ ಪರಿಹಾರಕ್ಕೆ ದಾವೆ ಹಾಕಿದ. ಹೈಕೋರ್ಟಿನಲ್ಲಿ ಸೋತ. 2017ರಲ್ಲಿ ಸುಪ್ರೀಂ ಕೋರ್ಟೂ ಅವನ ಮೇಲ್ಮನವಿಯನ್ನು ಒಪ್ಪಲಿಲ್ಲ.

ಹಾಗಾದ್ರೆ ಗಂಡಸರು ಬಾಯಿ ಮುಚ್ಚಿಕೊಂಡಿರಬೇಕಾ? ನಾನು ಹಾಗೆ ಹೇಳೋದಿಲ್ಲ. ಗರ್ಭದಲ್ಲಿರೋದು ದೇವರ ಕೈಕೆಲಸ ಅಂತ ಸತ್ಯವೇದದಿಂದ ನಾನು ನಂಬ್ತೀನಿ. ಒಂದು ಮಾತು ಸತ್ಯ ಆಗಿದ್ರೆ, ಹೇಳಿದವನು ಗಂಡಸು ಅನ್ನೋ ಕಾರಣಕ್ಕೆ ಅದು ಸುಳ್ಳಾಗೋದಿಲ್ಲ. ಅಮೆರಿಕದಲ್ಲಿ 1973ರಲ್ಲಿ ಗರ್ಭಪಾತದ ಹಕ್ಕು ಕೊಟ್ಟ ತೀರ್ಪನ್ನು ಬರೆದ ಕೋರ್ಟಿನಲ್ಲಿ ಒಂಬತ್ತು ಜನವೂ ಗಂಡಸರೇ. ಅವತ್ತು ಯಾರೂ ನೀವು ಗಂಡಸರು, ಈ ತೀರ್ಪು ಬೇಡ ಅಂತ ಅದನ್ನು ವಾಪಸ್ ಕಳಿಸಲಿಲ್ಲ. ಆದ್ದರಿಂದ ಆ ವಾದ ಪೂರ್ತಿ ನಿಲ್ಲೋದಿಲ್ಲ.

ಆದರೆ ಅಭಿಪ್ರಾಯ ಇರೋದು ಬೇರೆ, ಅಧಿಕಾರ ಇರೋದು ಬೇರೆ. ಗಂಡಸಿಗೆ ಅಧಿಕಾರ ಸಿಕ್ಕಾಗ ಏನಾಗುತ್ತೆ ಅಂತ ದೇವರ ವಾಕ್ಯವೇ ತೋರಿಸುತ್ತೆ. ಆದಿಕಾಂಡ 38 ತೆಗೆಯಿರಿ. ಸಂಡೇ ಸ್ಕೂಲಿನಲ್ಲಿ ಈ ಅಧ್ಯಾಯ ಯಾರೂ ಹೇಳಿಕೊಡೋದಿಲ್ಲ!

ಯೂದನ ಸೊಸೆ ತಾಮಾರಳು. ಎರಡು ಸಾರಿ ವಿಧವೆ. ಮೂರನೇ ಮಗನನ್ನು ಕೊಡ್ತೀನಿ ಅಂತ ಹೇಳಿ ಯೂದನು ಅವಳನ್ನು ತವರಿಗೆ ಕಳಿಸಿದ, ಆಮೇಲೆ ಕೊಡಲಿಲ್ಲ. ಅವಳು ಮುಸುಕು ಹಾಕಿ ತಿಮ್ನಾ ದಾರಿಯಲ್ಲಿ ಕೂತಳು. ಅವನು ಸೊಸೆ ಅಂತ ಗುರುತಿಸದೆ ಸೂಳೆ ಅಂದುಕೊಂಡು ಅವಳ ಹತ್ರ ಹೋದ. ಮೂರು ತಿಂಗಳಾದ ಮೇಲೆ ಸೊಸೆ ಬಸುರಿ ಅಂತ ಸುದ್ದಿ ಬಂತು. ಯೂದನ ತೀರ್ಪು ಏನು? ಹೊರಗೆ ತನ್ನಿ, ಸುಟ್ಟುಬಿಡಿ. ಗಮನಿಸಿ ದೇವಜನರೇ, ವಿಚಾರಣೆ ಇಲ್ಲ, ಒಂದು ಪ್ರಶ್ನೆಯೂ ಇಲ್ಲ. ತಾಯಿ ಜೊತೆ ಹೊಟ್ಟೆಯಲ್ಲಿದ್ದ ಜೀವವೂ ಸುಟ್ಟು ಹೋಗುತ್ತೆ ಅನ್ನೋ ಯೋಚನೆಯೂ ಇಲ್ಲ. ನೀತಿಯ ಬಗ್ಗೆ ಅಷ್ಟು ಜೋರಾಗಿ ಮಾತಾಡಿದವನೇ ಆ ಗರ್ಭಕ್ಕೆ ತಂದೆ! ಅವಳು ಬೀದಿಯಲ್ಲಿ ಕಿರುಚಾಡಲಿಲ್ಲ. ಅವನು ಒತ್ತೆ ಇಟ್ಟಿದ್ದ ಮುದ್ರೆ, ದಾರ, ಕೋಲು ಕಳಿಸಿದಳು, ಇವು ಯಾರದ್ದು ನೋಡಿ ಅಂತ. ಆಗ ಯೂದನು ನನಗಿಂತ ಅವಳೇ ನೀತಿವಂತಳು ಅಂತ ಒಪ್ಪಿಕೊಂಡ.

ಸಹೋದರರೇ, ಹೆಂಗಸರ ಬಸಿರಿನ ಬಗ್ಗೆ ಬಾಯಿ ತೆಗೆಯೋ ಮುಂಚೆ ನಮ್ಮ ಮುದ್ರೆ, ದಾರ, ಕೋಲು ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಬೇಕು. ಫೇಸ್‌ಬುಕ್ಕಿನಲ್ಲಿ ಗರ್ಭಪಾತ ಪಾಪ ಅಂತ ಹಾಕಿ, ಮನೆಯಲ್ಲಿ ಮೂರನೇದೂ ಹೆಣ್ಣಾದ್ರೆ ನೋಡು ಅಂತ ಹೆಂಡತಿಗೆ ಹೇಳೋರು ಇದ್ದಾರೆ. ಎಲ್ಲೋ ದೂರದ ಮಾತಲ್ಲ ಇದು. 2023ರಲ್ಲಿ ಮಂಡ್ಯ ಕಡೆ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸೋ ಜಾಗದಲ್ಲಿ, ಸ್ಕ್ಯಾನಿಂಗ್ ಮಷಿನ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಿತು. ಭ್ರೂಣಲಿಂಗ ಪತ್ತೆ ತಡೆಯೋಕೆ 1994ರಲ್ಲೇ ಬಂದ ಕಾನೂನಿನಲ್ಲಿ ಒಂದು ಮಾತಿದೆ: ಹೆಂಗಸು ಇಂಥ ಪರೀಕ್ಷೆ ಮಾಡಿಸಿಕೊಂಡರೆ, ಗಂಡನೋ ಸಂಬಂಧಿಕರೋ ಅವಳನ್ನು ಬಲವಂತ ಮಾಡಿದ್ದಾರೆ ಅಂತಲೇ ಕೋರ್ಟು ಮೊದಲು ಭಾವಿಸಬೇಕು. ಇಲ್ಲ ಅನ್ನೋದನ್ನು ಆಮೇಲೆ ಸಾಬೀತು ಮಾಡಬೇಕು. ಕಾನೂನು ಬರೆದವರಿಗೆ ನಮ್ಮ ಮನೆಗಳು ಚೆನ್ನಾಗಿ ಗೊತ್ತಿತ್ತು.

ಇದಕ್ಕೇ, ಗಂಡನ ಸಹಿ ಕಡ್ಡಾಯ ಮಾಡಬೇಕು ಅಂತ ಕೆಲವು ವಿಶ್ವಾಸಿಗಳು ಹೇಳಿದಾಗ ನಾನು ಒಪ್ಪೋದಿಲ್ಲ. ಬೇಡ ಅನ್ನೋ ಅಧಿಕಾರ ಕೈಗೆ ಬಂದವನು, ತೆಗೆಸು ಅಂತ ಹೇಳೋಕೂ ಅದನ್ನೇ ಉಪಯೋಗಿಸ್ತಾನೆ. ಮಗು ಉಳಿಸೋಕೆ ಅಂತ ಕೊಟ್ಟ ಕತ್ತಿ ಯಾವ ಕಡೆ ಬೀಸುತ್ತೆ ಅಂತ ಆಲೆಮನೆ ತೋರಿಸಿದೆ.

ಈಗ ಮತ್ತಾಯ 1. ವಂಶಾವಳಿಯ ಮೂರನೇ ವಚನದಲ್ಲಿ ತಾಮಾರಳ ಹೆಸರು, ಅವಳ ಅವಳಿ ಮಕ್ಕಳ ಹೆಸರು ಇದೆ. ಯೂದನು ಸುಡೋಕೆ ಹೇಳಿದ ಗರ್ಭದಿಂದಲೇ ದಾವೀದನು ಬಂದ, ಕರ್ತನೂ ಬಂದ. ಸ್ತೋತ್ರ! ಅದೇ ಅಧ್ಯಾಯದ ಕೊನೆಗೆ ಯೋಸೇಫನು ಬರ್ತಾನೆ. ಅವನಿಗೂ ಯೂದನ ಹಾಗೇ ಸುದ್ದಿ ಬಂತು. ಮರಿಯಳು ಗರ್ಭಿಣಿ, ಮಗು ಅವನದಲ್ಲ. ಊರ ಮುಂದೆ ನಿಲ್ಲಿಸೋಕೆ ಅವನಿಗೆ ಧರ್ಮಶಾಸ್ತ್ರದ ಬಲ ಇತ್ತು. ಆದರೆ ದೂತನು ಬರೋಕೆ ಮುಂಚೆಯೇ ಅವಳಿಗೆ ಅವಮಾನ ಆಗಬಾರದು ಅಂತ ಯೋಚಿಸಿದ. ದೂತನು ಹೇಳಿದ ಮೇಲೆ ಅವಳನ್ನು ಮನೆಗೆ ಕರ್ಕೊಂಡು ಬಂದ. ನಾಲ್ಕು ಸುವಾರ್ತೆ ಹುಡುಕಿ, ಯೋಸೇಫನು ಆಡಿದ ಒಂದೇ ಒಂದು ಮಾತು ಬರೆದಿಲ್ಲ. ಅವನು ಮಾಡಿದ್ದು ಬರೆದಿದೆ: ಎದ್ದ, ಕರ್ಕೊಂಡು ಹೋದ, ಐಗುಪ್ತಕ್ಕೆ ಓಡಿದ, ವಾಪಸ್ ಬಂದ, ಬಡಗಿ ಕೆಲಸ ಮಾಡಿ ಸಾಕಿದ.

ಸಹೋದರಿ, ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ಗಂಡಸಿಗೆ ಮಾತಿದೆ, ಆದರೆ ಆ ಮಾತಿನ ಜಾಗ ಆಸ್ಪತ್ರೆಯ ಫಾರಂ ಅಲ್ಲ. ಮದುವೆಗೆ ಮುಂಚೆ ತನ್ನ ದೇಹವನ್ನು ಹೇಗೆ ಇಟ್ಟುಕೊಂಡ, ಅವಳು ಬಸುರಿ ಅಂತ ಹೇಳಿದ ದಿನ ಅವನ ಮುಖ ಹೇಗಿತ್ತು, ಅವನ ತಾಯಿ ಕೊಂಕು ಮಾತಾಡಿದಾಗ ಯಾರ ಪಕ್ಕ ನಿಂತ, ಅಲ್ಲೆಲ್ಲ ಅವನು ಮಾತಾಡಿ ಆಗಿರುತ್ತೆ. ಆ ಫಾರಂಗೆ ಸಹಿ ಹಾಕೋ ಎಷ್ಟೋ ಹೆಂಗಸರು ಅವನು ಹೇಳಿದ್ದಕ್ಕೇ ಸಹಿ ಹಾಕಿರ್ತಾರೆ.

ಇಲ್ಲಿ ಕೂತಿರೋರಲ್ಲಿ ಯಾರಿಗಾದ್ರೂ ಇದು ಹಳೇ ಗಾಯ ಆಗಿದ್ರೆ, ನಿಮ್ಮ ಕಡೆ ಕಲ್ಲು ಎತ್ತೋಕೆ ನಾನು ನಿಂತಿಲ್ಲ. ಆರಾಧನೆ ಆದ ಮೇಲೆ ಹಿರಿಯ ಸಹೋದರಿಯರು ಹಿಂದಿನ ಕೊಠಡಿಯಲ್ಲಿ ಇರ್ತಾರೆ. ನನಗೆ ಹೇಳೋದು ಬೇಡ, ಅವರ ಹತ್ರ ಹೋಗಿ. ಮದುವೆ ಗೊತ್ತಾಗಿರೋ ಹುಡುಗರು ಮಾತ್ರ ಬುಧವಾರ ಸಂಜೆ ಏಳಕ್ಕೆ ನನ್ನ ಜೊತೆ ಕೂರಿ, ವಿಮೋಚನಕಾಂಡ 21:22 ಓದಿಕೊಂಡು ಬನ್ನಿ. ಗಂಡಸರು ಹೊಡೆದಾಡುವಾಗ ಗರ್ಭಿಣಿಗೆ ಏಟು ಬೀಳೋ ವಚನ ಅದು. ಈಗ ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥಿಸೋಣ.