ಡ್ರೋನ್ ಏಕಾಏಕಿ ಬಿದ್ದರೆ ಬ್ಯಾಟರಿ ನೋಡಿ

ತೊಗರಿಗೆ ಹಂದಿ ಎಲ್ಲೆಲ್ಲಿ ನುಗ್ಗಿದೆ ಅಂತ ನೋಡಲು ಮಗ ತಂದ ಸಣ್ಣ ಡ್ರೋನ್ ಹಾರಿಸುತ್ತಿದ್ದೆ. ಮೊಬೈಲಿನಲ್ಲಿ ಶೇ. 35 ಚಾರ್ಜ್ ಇತ್ತು. ಆದರೂ ದೊಪ್ಪನೆ ಬಿತ್ತು, ಕಳೆ ತೆಗೆಯುತ್ತಿದ್ದ ಹೆಂಗಸರಿಂದ ಒಂದು ಮಾರು ಆಚೆ. ಎದೆ ಧಸಕ್ಕೆಂದಿತು. ಎತ್ತಿ ಆನ್ ಮಾಡಿದರೆ ಮತ್ತೆ ಅದೇ 35!

ಮೊದಲು ಕ್ಲಿಪ್ಪು, ಟರ್ಮಿನಲ್ಲು ನೋಡಿದೆ. ಸಡಿಲ, ಧೂಳು, ಕರಕಲು ಇರಲಿಲ್ಲ. ಬ್ಯಾಟರಿ ಊದಿರಲಿಲ್ಲ. ಆಮೇಲೆ ಮಲ್ಟಿಮೀಟರ್ ಹಿಡಿದೆ. ಒಳಗೆ ಎರಡು ಲಿಥಿಯಂ ಸೆಲ್. ಬಿಳಿ ಪ್ಲಗ್ಗಿನ ಮೂರು ತಂತಿಯಲ್ಲಿ ನಡುವಿನದಕ್ಕೂ ಒಂದೊಂದು ಅಂಚಿನದಕ್ಕೂ ಅಳೆದರೆ ಬೇರೆ ಬೇರೆ ಸೆಲ್ಲಿನ ವೋಲ್ಟ್ ಸಿಗುತ್ತದೆ. (ಮೀಟರಿನ ಕಡ್ಡಿಗಳು ಒಂದಕ್ಕೊಂದು ತಾಗಬಾರದು.) ಒಂದು 3.8, ಇನ್ನೊಂದು 3.3! ಒಟ್ಟು 7.1 ಇದ್ದದ್ದಕ್ಕೆ ಮೊಬೈಲು ಚಾರ್ಜ್ ಇದೆ ಅಂದಿತು. ಮೋಟಾರು ಜಗ್ಗಿದಾಗ ಸೋತ ಸೆಲ್ಲು ಕುಸಿಯಿತು. ಜೋಡಿ ಎತ್ತಿನಲ್ಲಿ ಒಂದು ಮಲಗಿದರೆ ಕುಂಟೆ ನಿಂತಂತೆ.

ತಪ್ಪು ನನ್ನದೇ. ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಫುಲ್ ಚಾರ್ಜ್ ಮಾಡಿ ತಿಂಗಳುಗಟ್ಟಲೆ ಇಟ್ಟಿದ್ದೆ. ಲಿಥಿಯಂ ಬ್ಯಾಟರಿಗೆ ಇದು ಆಗಿಬರದು. ಬಳಸದಾಗ ಸೆಲ್ಲಿಗೆ ಸುಮಾರು 3.8 ವೋಲ್ಟ್ ಇರುವಂತೆ ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿಡಿ. ಹಾರಿಸಿ ಬಂದ ಬಿಸಿ ಬ್ಯಾಟರಿ ಆರಿದ ಮೇಲೆಯೇ ಚಾರ್ಜ್ ಮಾಡಿ. ಫುಲ್ ಆದಾಗ ಎರಡೂ ಸೆಲ್ 4.2ರ ಹತ್ತಿರ ಇರಬೇಕು. 0.1ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಹಾರಿಸಬೇಡಿ.

ಸೋತ ಸೆಲ್ಲಿಗೆ ರಿಪೇರಿ ಇಲ್ಲ, ಹೊಸ ಬ್ಯಾಟರಿಯೇ ಗತಿ. ಊದಿದ್ದನ್ನು ಚುಚ್ಚಬೇಡಿ, ಬೆಂಕಿ ಹತ್ತುತ್ತದೆ. ಬಣವೆ ಪಕ್ಕ ಚಾರ್ಜಿಗಿಡಬೇಡಿ. ಮುಖ್ಯವಾಗಿ, ಆಳುಗಳ ತಲೆ ಮೇಲೆ ಹಾರಿಸಲೇಬೇಡಿ.