ಕಲ್ಯಾಣದ ಕಳಚುರ್ಯರು: ಒಂದು ಅಲ್ಪಾಯುಷಿ ಸಾಮ್ರಾಜ್ಯದ ಉದಯಾಸ್ತ

ಕನ್ನಡ ನಾಡನ್ನಾಳಿದ ರಾಜಮನೆತನಗಳಲ್ಲಿ ಕಲ್ಯಾಣದ ಕಳಚುರ್ಯರಷ್ಟು ಅಲ್ಪಕಾಲ ಬಾಳಿ, ಅವರಷ್ಟು ದೀರ್ಘಕಾಲ ಜನರ ನೆನಪಿನಲ್ಲಿ ಉಳಿದವರು ವಿರಳ. ಸಾಮ್ರಾಟಪದವಿ ಅವರ ಪಾಲಿಗಿದ್ದುದು ಕ್ರಿ.ಶ. 1162ರಿಂದ ಸುಮಾರು 1184ರವರೆಗೆ, ಅಂದರೆ ಇಪ್ಪತ್ತೆರಡು ವರ್ಷ ಮಾತ್ರ. ಈ ಏಳುಬೀಳು ಇಂದಿನ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಸೀಮೆಗೆ ಹೊರತಾದುದಲ್ಲ.

ಕಳಚುರ್ಯರು ತಮ್ಮನ್ನು ‘ಕಾಲಂಜರಪುರವರಾಧೀಶ್ವರ’ರೆಂದು ಕರೆದುಕೊಂಡರು. ವೃಷಭವು ಅವರ ಧ್ವಜದ ಲಾಂಛನ. ಮಂಗಳವೇಡೆಯನ್ನು ನೆಲೆಯಾಗಿಸಿಕೊಂಡು ತರ್ದವಾಡಿ ನಾಡಿನಲ್ಲಿ ಅವರು ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರಾಗಿದ್ದರು. ಪೆರ್ಮಾಡಿಯ ಮಗನಾದ ಬಿಜ್ಜಳನ ಕಾಲಕ್ಕೆ ಚಾಲುಕ್ಯರ ಬಲ ಕುಗ್ಗಿತ್ತು. ಮೂರನೆಯ ತೈಲಪನನ್ನು ಕಾಕತೀಯ ಪ್ರೋಲನು ಸೆರೆಹಿಡಿದು ಬಿಟ್ಟನೆಂದು 1163ರ ಹನುಮಕೊಂಡದ ಶಾಸನ ಹೇಳುತ್ತದೆ. ಒಡೆಯನೇ ಸೆರೆಯಾಗಿ ಹಿಂದಿರುಗಿದ ಮೇಲೆ ಸಾಮಂತರ ನಿಷ್ಠೆ ಸಡಿಲಾಗುವುದು ಸಹಜ. ಬಿಜ್ಜಳನು ಮೊದಲು ಆಡಳಿತದ ಸೂತ್ರವನ್ನು ಹಿಡಿದನು. ಬಳಿಕ 1162ರ ವೇಳೆಗೆ ಸಾಮ್ರಾಟನ ಬಿರುದುಗಳನ್ನು ಧರಿಸಿ ಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡನು. ತೈಲಪನು ಅಣ್ಣಿಗೇರಿಯತ್ತ ಸರಿದು, ಅಲ್ಪಕಾಲದಲ್ಲಿಯೇ ತೀರಿಕೊಂಡನು.

ಈ ಪಲ್ಲಟದಲ್ಲಿ ಬಿಜ್ಜಳನು ಒಂಟಿಯಾಗಿರಲಿಲ್ಲ. ಕೊಲ್ಲಾಪುರದ ಶಿಲಾಹಾರ ವಿಜಯಾದಿತ್ಯನ ನೆರವಿನಿಂದ ಬಿಜ್ಜಳನಿಗೆ ಸಾಮ್ರಾಟಪದವಿ ದೊರಕಿತೆಂದು ಶಿಲಾಹಾರರ ಶಾಸನೋಕ್ತಿಯಿದೆ. ಆಗ ನಮ್ಮ ಈ ಸೀಮೆಯು ಪಶ್ಚಿಮದ ಶಿಲಾಹಾರರಿಗೂ ಕೂಂಡಿ ಮೂರುಸಾಸಿರದ ರಟ್ಟರಿಗೂ ನಡುವೆ ಹರಡಿತ್ತು. ಚಿಕ್ಕೋಡಿ ತಾಲೂಕಿನ ಏಕಸಂಬೆಯ ನೇಮಿನಾಥ ಬಸದಿಯ 1165ರ ಶಾಸನ ಇದಕ್ಕೆ ಸಾಕ್ಷಿ. ಬಸದಿಯನ್ನು ಕಟ್ಟಿಸಿದವನು ವಿಜಯಾದಿತ್ಯನ ದಂಡನಾಯಕ ಕಾಲಣ. ರಟ್ಟರ ಕಾರ್ತವೀರ್ಯನ ಹೆಸರೂ ಅಲ್ಲಿ ಬರುತ್ತದೆ. ಕಲ್ಯಾಣದಲ್ಲಿ ಸಾಮ್ರಾಟನು ಬದಲಾದಾಗಲೂ ಊರಿನ ಭೂಮಿ, ದತ್ತಿ, ಧರ್ಮಕಾರ್ಯಗಳು ಮಂಡಲೇಶ್ವರರ ಕೈಯಲ್ಲಿಯೇ ನಡೆಯುತ್ತಿದ್ದವು. ಹೊಸ ಸಾಮ್ರಾಜ್ಯದ ಬಲವೂ ಇಲ್ಲಿತ್ತು, ಬಲಹೀನತೆಯೂ ಇಲ್ಲಿಯೇ ಇತ್ತು. ಸಾಮಂತರ ಹೆಗಲನ್ನೇರಿ ಬಂದ ಪದವಿಯು ಅವರು ಹೆಗಲು ಕೊಡವಿದೊಡನೆ ಉರುಳುವಂಥದು.

ಬಿಜ್ಜಳನ ಆಸ್ಥಾನದಲ್ಲಿ ಬಸವಣ್ಣನವರು ಭಂಡಾರಿಗಳಾಗಿದ್ದುದು, ಕಾಯಕ ದಾಸೋಹಗಳ ತತ್ತ್ವದಡಿ ಶರಣಸಮೂಹ ನೆರೆದುದು, ಹರಳಯ್ಯ ಮಧುವರಸರ ಮಕ್ಕಳ ವಿವಾಹದಿಂದ ಅರಸನ ಕೋಪ ಕೆರಳಿದುದು, ಶರಣರಿಬ್ಬರಿಗೆ ಮರಣದಂಡನೆಯಾದುದು ಪರಂಪರೆಯಲ್ಲಿ ಸುಪ್ರಸಿದ್ಧ. ಬಿಜ್ಜಳನ ಅಂತ್ಯದ ವಿಷಯದಲ್ಲಿ ಮಾತ್ರ ವಿವೇಚನೆ ಅವಶ್ಯ. ಜಗದೇವ, ಬೊಮ್ಮಯ್ಯರು ಅವನನ್ನು ಕೊಂದರೆಂದು ವೀರಶೈವ ಪುರಾಣಗಳು ಹೇಳುತ್ತವೆ. ಕೊಲ್ಲಾಪುರದ ದಂಡಯಾತ್ರೆಯಿಂದ ಮರಳುವಾಗ ವಿಷದ ಹಣ್ಣಿನಿಂದ ಸತ್ತನೆಂಬುದು ಜೈನ ಕಥನ. ಇವೆರಡೂ ಘಟನೆಯ ಎಷ್ಟೋ ಕಾಲದ ನಂತರದ ಬರವಣಿಗೆಗಳು. 1167ರ ಸುಮಾರಿಗೆ ಮಗ ಸೋವಿದೇವನು ಪಟ್ಟಕ್ಕೆ ಬಂದನೆಂಬುದಷ್ಟೇ ಶಾಸನಗಳಿಂದ ಸ್ಪಷ್ಟವಾಗುತ್ತದೆ. ಆದುದರಿಂದ ರಾಜ್ಯನಾಶದ ಹೊಣೆಯನ್ನು ಶರಣರ ಮೇಲೆಯೇ ಹೊರಿಸುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಬಿಜ್ಜಳನ ತರುವಾಯವೂ ಆ ರಾಜ್ಯ ಹದಿನೇಳು ವರ್ಷ ಬಾಳಿತೆಂಬುದನ್ನು ಮರೆಯಲಾಗದು.

ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಎಂಬ ನಾಲ್ವರು ಸೋದರರು ಆ ಅವಧಿಯಲ್ಲಿ ಪಟ್ಟವನ್ನೇರಿದರು. ಪದೇ ಪದೇ ಅರಸರು ಬದಲಾದಂತೆ ದಂಡನಾಯಕರ ಪ್ರಾಬಲ್ಯ ಹೆಚ್ಚಿತು. ಕೊನೆಗೆ ಕಳಚುರ್ಯರ ಸೇವೆಯಲ್ಲಿದ್ದ ಕಾವಣನ ಮಗ ಬ್ರಹ್ಮನೇ ತೈಲಪನ ಮಗ ನಾಲ್ಕನೆಯ ಸೋಮೇಶ್ವರನ ಪಕ್ಷ ವಹಿಸಿ, ಸುಮಾರು 1184ರಲ್ಲಿ ಕಲ್ಯಾಣವನ್ನು ಮರಳಿ ಚಾಲುಕ್ಯರ ವಶಕ್ಕೆ ತಂದನು. ಬಿಜ್ಜಳನು ಒಡೆಯನಿಗೆ ಮಾಡಿದುದೇ ಅವನ ಮಕ್ಕಳಿಗೆ ಒದಗಿತು. ಚಾಲುಕ್ಯರಿಗೂ ಅದು ಆರುವ ದೀಪದ ಬೆಳಕಾಯಿತು. ಕೆಲವೇ ವರ್ಷಗಳಲ್ಲಿ ಉತ್ತರದಿಂದ ಸೇವುಣ ಭಿಲ್ಲಮ, ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳರು ಅವರ ನಾಡನ್ನು ಹಂಚಿಕೊಂಡರು. ಮುಂದಿನ ಶತಮಾನದಲ್ಲಿ ಶಿಲಾಹಾರರೂ ರಟ್ಟರೂ ಸೇವುಣ ಸಿಂಘಣನ ಕಾಲದಲ್ಲಿ ಅಳಿದರು.

ಬಿರುದು ಬೇರೆ, ಬಲ ಬೇರೆ ಎಂಬುದಕ್ಕೆ ದೂರದ ನಿದರ್ಶನವೂ ಉಂಟು. ಕೊರಿಯದ ಅರಸ ಗೋಜೊಂಗನು 1897ರಲ್ಲಿ ತಾನು ಚಕ್ರವರ್ತಿಯೆಂದು ಘೋಷಿಸಿಕೊಂಡನು. 1907ರಲ್ಲಿ ಜಪಾನರ ಒತ್ತಡಕ್ಕೆ ಸಿಂಹಾಸನವನ್ನು ತ್ಯಜಿಸಿದನು. 1910ರಲ್ಲಿ ಆ ದೇಶವೇ ಜಪಾನಿಗೆ ಸೇರಿಹೋಯಿತು. ಹದಿಮೂರು ವರ್ಷದ ಆ ಸಾಮ್ರಾಜ್ಯವನ್ನು ನುಂಗಿದುದು ಹೊರಗಿನ ಶಕ್ತಿ. ಕಳಚುರ್ಯರನ್ನು ಕೆಡವಿದುದು ಮನೆಯೊಳಗಿನ ಬಿರುಕು.

ಕಲ್ಯಾಣದ ಸಿಂಹಾಸನ ಮಣ್ಣಾಯಿತು. ಚದುರಿದ ಶರಣರಲ್ಲಿ ಚೆನ್ನಬಸವಣ್ಣನವರ ಸಮೂಹವು ಉಳವಿಯತ್ತ ನಡೆಯಿತೆಂಬ ನಂಬಿಕೆಯಿದೆ. ಚಿಕ್ಕೋಡಿಗೆ ನೆರೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವೊಂದಿದೆ. ಸೇವುಣ ಕನ್ನರನ ಕಾಲದ ಆ ಶಿಲೆಯಲ್ಲಿ ಬಾಗೇವಾಡಿಯ ಮಾದಿರಾಜನ ಮಗನಾದ ಬಸವಣ್ಣನವರ ಹೆಸರು ಭಕ್ತಿಯಿಂದ ಕೆತ್ತಲ್ಪಟ್ಟಿದೆ. ಕಳಚುರ್ಯರು ಅಳಿದು ಮುಕ್ಕಾಲು ಶತಮಾನ ಕಳೆದ ಮೇಲೆ, ಬೇರೊಂದು ರಾಜವಂಶದ ಆಳ್ವಿಕೆಯಲ್ಲಿ, ಈ ಸೀಮೆಯ ಜನ ನೆನೆದುದು ಅರಸನನ್ನಲ್ಲ, ಅವನ ಭಂಡಾರಿಯನ್ನು. ಇತಿಹಾಸವನ್ನು ಬೋಧಿಸುವವರೂ ಕಲಿಯುವವರೂ ಈ ಶಿಲೆಯ ಮುಂದೆ ಒಮ್ಮೆ ನಿಂತು ಬರುವುದು ಲೇಸು.