ನಾಯಿಗಳ ಹೊಟ್ಟೆಯುಬ್ಬರ

ಗ್ರೇಟ್ ಡೇನ್ ಮೊದಲಾದ, ಆಳವಾದ ಎದೆಗೂಡುಳ್ಳ ಭಾರಿ ನಾಯಿಗಳನ್ನು ಕಾಡುವ ಮಾರಕ ವ್ಯಾಧಿಯೊಂದುಂಟು. ಜಠರವು ಅನಿಲದಿಂದ ಉಬ್ಬಿ, ತಿರುಚಿಕೊಳ್ಳುತ್ತದೆ. ಆಗ ಅದರ ಎರಡು ದ್ವಾರಗಳೂ ಮುಚ್ಚಿಹೋಗಿ, ಒಳಗಿನ ಅನಿಲವು ಹೊರಬೀಳಲಾರದು. ಉಬ್ಬಿದ ಜಠರವು, ದೇಹದ ಹಿಂಭಾಗದಿಂದ ಹೃದಯಕ್ಕೆ ರಕ್ತವನ್ನೊಯ್ಯುವ ದೊಡ್ಡ ಅಭಿಧಮನಿಯನ್ನು ಒತ್ತುವುದರಿಂದ, ಹೃದಯಕ್ಕೆ ರಕ್ತ ಸಾಲದೆ ಪ್ರಾಣಿಯು ಕುಸಿಯುತ್ತದೆ. ಚಿಕಿತ್ಸೆ ತಡವಾದರೆ ಕೆಲವೇ ಗಂಟೆಗಳಲ್ಲಿ ಮರಣ ಸಂಭವಿಸಬಹುದು.

ಊಟದ ಪಾತ್ರೆಯನ್ನು ಎತ್ತರದಲ್ಲಿಟ್ಟರೆ ನಾಯಿಯು ಗಾಳಿಯನ್ನು ಕಡಿಮೆ ನುಂಗುವುದೆಂದು ಅನೇಕರು ನಂಬಿದ್ದರು. ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಗ್ಲಿಕ್‌ಮನ್ ಮತ್ತು ಅವರ ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ವಿರುದ್ಧವಾದ ಫಲವೇ ಕಂಡುಬಂದಿತು: ಎತ್ತರದ ಪಾತ್ರೆಯಲ್ಲಿ ಉಣ್ಣುವ ನಾಯಿಗಳಿಗೇ ಅಪಾಯ ಹೆಚ್ಚು. ಅವಸರದಿಂದ ತಿನ್ನುವ ನಾಯಿಗಳೂ, ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ವ್ಯಾಧಿಯಿದ್ದ ನಾಯಿಗಳೂ ಹೆಚ್ಚಾಗಿ ಇದಕ್ಕೆ ತುತ್ತಾಗುವುವು.

ಆದುದರಿಂದ ದಿನದ ಆಹಾರವನ್ನು ಎರಡು ಮೂರು ಪಾಲು ಮಾಡಿ, ಪಾತ್ರೆಯನ್ನು ನೆಲದ ಮೇಲಿಟ್ಟು, ನಿಧಾನವಾಗಿ ತಿನ್ನುವಂತೆ ಮಾಡುವುದು ಲೇಸು. ಜಠರವನ್ನು ಹೊಟ್ಟೆಯ ಒಳಗೋಡೆಗೆ ಸೇರಿಸಿ ಹೊಲಿಯುವ ಶಸ್ತ್ರಕ್ರಿಯೆಯು ತಿರುಚುವಿಕೆಯನ್ನು ಬಹುಮಟ್ಟಿಗೆ ತಡೆಯುವುದು. ಉಬ್ಬರವನ್ನು ಮಾತ್ರ ತಡೆಯಲಾರದು. ವಾಂತಿಯಾಗದೆ ಬರಿದೇ ಓಕರಿಸುವುದು, ಜೊಲ್ಲು ಸುರಿಸುವುದು, ಹೊಟ್ಟೆ ಬಿಗಿದುಕೊಳ್ಳುವುದು—ಈ ಚಿಹ್ನೆಗಳು ಕಂಡೊಡನೆ, ಮನೆಮದ್ದಿನಲ್ಲಿ ಕಾಲ ಕಳೆಯದೆ, ನಾಯಿಯನ್ನು ಪಶುವೈದ್ಯರಲ್ಲಿಗೆ ಒಯ್ಯಬೇಕು.